ಬಿದಿರು ನರಳುವುದೇಕೆ

ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಬಿದಿರಿಗೆ ಮಾತು ಬರುತ್ತಿತ್ತು, ಕೂಸೇ. ನಿನ್ನ ಹಾಗೆಯೇ, ಒಂದು ಗಳಿಗೆ ಬಾಯಿ ಮುಚ್ಚುತ್ತಿರಲಿಲ್ಲ.

ಬಾಣಕ್ಕೆಂದು ಕಡಿಯಲು ಬಂದವರನ್ನು ಬಿದಿರು ಮೊದಲು ವಿಚಾರಿಸುತ್ತಿತ್ತು, ಯಾರ ಬಿಲ್ಲಿಗೆ ಎಂದು. ಬಿಗಿ ಬಿಲ್ಲಾದರೆ ಗಟ್ಟಿ ಕಡ್ಡಿ ತೋರಿಸುತ್ತಿತ್ತು. ಮೆದು ಬಿಲ್ಲಾದರೆ ಬಳುಕುವ ಕಡ್ಡಿ.

ಯಾಕೆ ಗೊತ್ತೇ? ಬಾಣ ಹೊರಡುವಾಗ ಬಿಲ್ಲಿನ ಮರವನ್ನು ಪಕ್ಕದಿಂದ ಸುತ್ತಿಕೊಂಡು ಹೋಗಬೇಕು, ಅದಕ್ಕೆ ಚೂರು ಬಳುಕಬೇಕು. ಗಟ್ಟಿ ಬಾಣವನ್ನು ಮೆದು ಬಿಲ್ಲು ಬಳುಕಿಸಲಾರದು. ಆ ಬಾಣ ಎಡಕ್ಕೆ ಸಿಡಿಯುತ್ತದೆ. ಇದು ಬಿದಿರಿಗೆ ಗೊತ್ತಿತ್ತು, ಗಾಳಿಗೆ ಗೊತ್ತಿತ್ತು. ಬಿದಿರೇ ಹೇಳುತ್ತಿದ್ದುದರಿಂದ ಮನುಷ್ಯರು ಕಲಿಯಲು ಹೋಗಲಿಲ್ಲ.

ಆ ಕಾಡಿನಲ್ಲಿ ಜಡೆಯ ಮತ್ತು ಕೇತಿ ಎಂಬ ಅಣ್ಣ ತಂಗಿ ಇದ್ದರು. ಅವನಿಗೆ ಅವಳು, ಅವಳಿಗೆ ಅವನು, ಬೇರೆ ಯಾರೂ ಇಲ್ಲ. ಅವರ ಗುಡಿಸಲ ಸುತ್ತ ಒಂದು ಚಿರತೆ ಸುಳಿದಾಡತೊಡಗಿತು. ಕೇತಿಯದು ಮೆದು ಬಿಲ್ಲು. ಅವಳಿಗೊಂದು ಒಳ್ಳೆಯ ಬಾಣ ಇರಲಿ ಎಂದು ಜಡೆಯ ಬಿದಿರ ಮೆಳೆಗೆ ಬಂದ.

"ನನ್ನ ತಂಗಿಗೆ ಬೇಕು. ನಿನ್ನಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಕೊಡು. ಈ ಕಾಡಲ್ಲಿ ನಿನ್ನಷ್ಟು ಗಟ್ಟಿ ಯಾರಿದ್ದಾರೆ?" ಅಂದ.

ಬಿದಿರು ಉಬ್ಬಿಹೋಯಿತು. ಅವಳ ಬಿಲ್ಲಿಗೆ ಬಳುಕುವ ಕಡ್ಡಿಯೇ ಸರಿ ಎನ್ನಬೇಕಿತ್ತು, ಎನ್ನಲಿಲ್ಲ. ಹಾಗೆಂದರೆ ತನ್ನ ಗಟ್ಟಿತನಕ್ಕೆ ಬೆಲೆಯೆಲ್ಲಿ ಉಳಿಯುತ್ತದೆ ಎಂದುಕೊಂಡು ಸುಮ್ಮನಾಯಿತು. ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟು. ಜಡೆಯ ಪ್ರೀತಿಯಿಂದ ಆ ಕಡ್ಡಿ ಕಡಿದ, ಪ್ರೀತಿಯಿಂದ ಹೆರೆದ, ಪ್ರೀತಿಯಿಂದ ಗರಿ ಕಟ್ಟಿ ತಂಗಿಯ ಕೈಗೆ ಕೊಟ್ಟ.

ಅವಳು ಅದನ್ನು ಒಮ್ಮೆಯೂ ಬಿಟ್ಟು ನೋಡಿರಲಿಲ್ಲ, ಅಂದೇ ಸಂಜೆ ಚಿರತೆ ಅಂಗಳಕ್ಕೆ ಬಂತು. ಕೇತಿಯ ನೇರ ಎದುರಿಗೆ ಚಿರತೆ, ಅವಳ ಎಡಗಡೆಗೆ ಕೊಡಲಿ ಹಿಡಿದು ನಿಂತ ಅಣ್ಣ. ಕೇತಿ ಚಿರತೆಯ ಎದೆಗೇ ಗುರಿಯಿಟ್ಟಳು. ಬಾಣ ಬಿಟ್ಟಳು.

ಬಾಣ ಎಡಕ್ಕೆ ಸಿಡಿಯಿತು. ಜಡೆಯ ನಿಂತಲ್ಲೇ ಕುಸಿದ. ಅವನ ಕೂಗಿಗೆ ಬೆಚ್ಚಿ ಚಿರತೆ ಓಡಿಹೋಯಿತು.

"ನಿನ್ನ ಕೈ ತಪ್ಪಲಿಲ್ಲ ಕಣವ್ವ, ನಾನು ನೋಡಿದೆ," ಎಂದ ಜಡೆಯ. ಮತ್ತೆ ಮಾತಾಡಲಿಲ್ಲ.

ಅಣ್ಣನನ್ನು ಮಣ್ಣು ಮಾಡಿ ಕೇತಿ ಆ ಬಾಣವನ್ನು ಹಿಡಿದು ಮೆಳೆಗೆ ಹೋದಳು. ನನ್ನ ಬಿಲ್ಲಿಗೆ ಇದು ಆಗದು ಎಂದು ನಿನಗೆ ಗೊತ್ತಿತ್ತೇ ಎಂದು ಕೇಳಿದಳು. ಬಿದಿರು ತಲೆ ತಗ್ಗಿಸಿತು.

"ಹೇಳಬೇಕಾದಾಗ ಹೇಳಲಿಲ್ಲ. ಇನ್ನು ನಿನಗೆ ಮಾತು ಯಾತಕ್ಕೆ?" ಅಂದಳು.

ಆ ಕ್ಷಣವೇ ಬಿದಿರಿನ ಮಾತು ಇಂಗಿಹೋಯಿತು. ಬೆಟ್ಟದಾಚೆಗೆ ಹೋಗಿದ್ದ ಗಾಳಿ ಮರುದಿನ ಬಂದು, ಯಾಕೆ ಹೇಳಲಿಲ್ಲ ಎಂದು ಬಿದಿರನ್ನು ಹಿಡಿದು ಬಗ್ಗಿಸಿತು. ಬಿದಿರು ಬಾಯಿ ತೆರೆಯಿತು, ಮಾತು ಬರಲಿಲ್ಲ.

ಅಗೋ, ಗಾಳಿ ಬಂತು, ಕೇಳು. ಅದು ಇವತ್ತಿಗೂ ಅದನ್ನೇ ಕೇಳುತ್ತದೆ, ಬಿದಿರು ಇವತ್ತಿಗೂ ಹೇಳಲು ಹೋಗಿ ಕಿರ್ರ್ ಎಂದು ನರಳುತ್ತದೆ.