ಸಿಡಿಲಣ್ಣನ ಮುಷ್ಟಿ

ನದಿಯ ದಂಡೆಯ ಆ ಆಶ್ರಮದಲ್ಲಿ ವೇದ ಹೇಳಿಕೊಡುತ್ತಿರಲಿಲ್ಲ. ವ್ಯಂಗ್ಯಚಿತ್ರ ಬರೆಯುವುದನ್ನು ಹೇಳಿಕೊಡುತ್ತಿದ್ದರು.

ಗುರು ನಿರಂಜನಯ್ಯನವರು ಒಂದು ಕಾಲದಲ್ಲಿ ಪತ್ರಿಕೆಗಳಲ್ಲಿ ಮಂತ್ರಿಗಳ ಮೂಗು ಉದ್ದ ಮಾಡಿ ಹೊಟ್ಟೆ ಹೊರೆದವರು. ಶಿಷ್ಯರಿಗೆ ಕಲಿಸಿದ್ದು ಹೆಚ್ಚೇನಲ್ಲ. "ಚಿತ್ರದ ಕೆಳಗೆ ಮಾತು ಬರೀಬೇಕಾಗಿ ಬಂದ್ರೆ ಚಿತ್ರ ಸೋತಿದೆ ಅಂತ ತಿಳ್ಕೊಳ್ಳಿ" ಅನ್ನುತ್ತಿದ್ದರು.

ಅವರ ಶಿಷ್ಯ ಕಾಂತೇಶ, ಟಿವಿಯ ಕಾರ್ಟೂನಿಗೆ ಸಿಡಿಲಣ್ಣ ಎಂಬ ವೀರನನ್ನು ಸೃಷ್ಟಿಸಿ ದೊಡ್ಡ ಹೆಸರು ಮಾಡಿದ. ಸಿಡಿಲಣ್ಣ ಹಾರುತ್ತಾನೆ, ಬೆಟ್ಟ ಎತ್ತುತ್ತಾನೆ. ಪ್ರತಿ ಕಥೆಯ ಕೊನೆಗೆ ಮುಷ್ಟಿ ಎತ್ತುತ್ತಾನೆ. ಎತ್ತಿದ ಕೂಡಲೇ ಅವನ ಪಡೆ ದುಷ್ಟರ ಮೇಲೆ ಮುಗಿಬೀಳುತ್ತದೆ.

ಮಕ್ಕಳಿಗೆಂದು ಮಾಡಿದ ಕಾರ್ಟೂನು. ಅದರ ಹುಚ್ಚು ಹಿಡಿದದ್ದು ಮೀಸೆ ಬಂದವರಿಗೆ. ಸಿಡಿಲಣ್ಣನ ಹಾಗೆ ನೀಲಿ ಶಾಲು ಹೊದ್ದು, ತಮ್ಮನ್ನು ತಾವೇ ಸಿಡಿಲಪಡೆ ಎಂದು ಕರೆದುಕೊಂಡರು.

ಒಂದು ಸಂಜೆ ಕಾಂತೇಶ ಆಶ್ರಮಕ್ಕೆ ಬಂದ. ಗುರುಗಳು ಜಗಲಿಯಲ್ಲಿ ಕೂತು ಪೆನ್ನಿನ ನಿಬ್ಬು ತೊಳೆಯುತ್ತಿದ್ದರು.

"ಇಂದುಮತಿ ಅಕ್ಕನ ವಿಷಯ ಕೇಳಿದ್ರಾ ಗುರುಗಳೇ?"

"ನೀನೇ ಹೇಳು."

ಇಂದುಮತಿ ಅದೇ ಆಶ್ರಮದಲ್ಲಿ ಅವನಿಗಿಂತ ಮೊದಲು ಕಲಿತವಳು. ಈಚೆಗೆ ಒಂದು ಚಿತ್ರ ಬರೆದಿದ್ದಳು. ಲೋಕವನ್ನೆಲ್ಲ ಕಾಪಾಡಿ ಮನೆಗೆ ಬಂದ ಸಿಡಿಲಣ್ಣ, ಶಾಲಿನ ಗಂಟು ಬಿಚ್ಚಲು ಬಾರದೆ ಅಮ್ಮನ ಮುಂದೆ ಕತ್ತು ಚಾಚಿ ನಿಂತಿದ್ದಾನೆ. ಅಷ್ಟೇ. ಯಾರಿಗಾದರೂ ನಗು ಬರಬೇಕು.

ಸಿಡಿಲಪಡೆಗೆ ಬರಲಿಲ್ಲ. ಅವಳ ಮನೆ ಬಾಗಿಲು ತಟ್ಟಿದರು. ಅವಳು ತೆರೆದಳು. ನೆಲಕ್ಕೆ ಕೆಡವಿ, ಬಲಗೈಯನ್ನು ತುಳಿದು ಮುರಿದರು. ಆ ಕೈಯಲ್ಲಿ ಇನ್ನು ಪೆನ್ನು ಹಿಡಿಯಲಾಗದು ಎಂದರು ಡಾಕ್ಟರು.

ಅವಳು ಪೊಲೀಸರಿಗೆ ದೂರು ಕೊಟ್ಟಳು. ಈಗ ಎಡಗೈಯನ್ನೂ ಬಿಡುವುದಿಲ್ಲ ಎಂದು ಪಡೆ ಅವಳನ್ನು ಹುಡುಕುತ್ತಿದೆ.

"ನಾನು ಯಾರನ್ನೂ ಕಳಿಸಿಲ್ಲ ಗುರುಗಳೇ. ನನ್ನಾಣೆಗೂ ಇಲ್ಲ."

"ಅವರು ನಿನ್ನನ್ನ ಏನೂ ಕೇಳಲಿಲ್ವಾ?"

"ಅಕ್ಕನ ಚಿತ್ರ ಕಳಿಸಿ, ಏನು ಮಾಡೋಣ ಅಣ್ಣಾ ಅಂತ ಕೇಳಿದ್ರು."

"ನೀನೇನಂದೆ?"

"ಏನೂ ಅನ್ನಲಿಲ್ಲ. ತಮಾಷೆಗೆ ಒಂದು ಚಿತ್ರ ಬರೆದು ಫೋನಲ್ಲಿ ಅವರಿಗೆ ಕಳಿಸಿದೆ."

"ಏನು ಚಿತ್ರ?"

ಕಾಂತೇಶ ನೆಲ ನೋಡಿದ. "ಸಿಡಿಲಣ್ಣ ಮುಷ್ಟಿ ಎತ್ತಿರೋದು."

ಗುರುಗಳ ಕೈ ನಿಂತಿತು.

"ಕೆಳಗೆ ಒಂದಕ್ಷರಾನೂ ಬರೆದಿಲ್ಲ ಗುರುಗಳೇ!"

"ಬೇಕಾಗಲಿಲ್ಲ ಅಲ್ವಾ? ಹಾಗೆ ಬರೆಯೋದನ್ನ ಕಲಿಸಿದವನು ನಾನೇ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಕಾಂತೇಶನಿಗೆ ಎಷ್ಟೋ ಹಗುರವಾಗುತ್ತಿತ್ತು.

ಗುರುಗಳು ಒಂದು ಹಾಳೆ ಮುಂದಿಟ್ಟರು. "ಈಗ ಮುಷ್ಟಿ ಬಿಚ್ಚು."

ಕಾಂತೇಶ ಬರೆದ. ಸಿಡಿಲಣ್ಣ ಅಂಗೈ ತೋರಿಸಿ, ತನ್ನ ಪಡೆಯನ್ನು ತಡೆದು ನಿಂತಿದ್ದ. ಒಳ್ಳೆಯ ಚಿತ್ರ. ಕೈಚಳಕಕ್ಕೇನೂ ಕೊರತೆ ಇರಲಿಲ್ಲ.

"ಇದನ್ನ ಹಾಕಿದ್ರೆ ನನ್ನನ್ನ ಹೇಡಿ ಅಂತಾರೆ. ಯಾರೂ ನೋಡೋದಿಲ್ಲ. ಕಾರ್ಟೂನೇ ನಿಂತುಹೋಗುತ್ತೆ."

"ಹೌದು."

"ಬೇರೆ ದಾರಿ ಇಲ್ವಾ?"

"ಅವಳಿಗೆ ಉಳಿದಿರೋದು ಒಂದೇ ಕೈ."

ಕಾಂತೇಶ ಚಿತ್ರದ ಕೆಳಗೆ 'ಪ್ರೀತಿಯ ಅಭಿಮಾನಿಗಳೇ, ದಯವಿಟ್ಟು ತಪ್ಪು ತಿಳಿಯಬೇಡಿ' ಎಂದು ಬರೆಯತೊಡಗಿದ.

ಗುರುಗಳು ಆ ಸಾಲಿರುವಷ್ಟು ಹಾಳೆಯನ್ನು ಹರಿದು ತೆಗೆದರು. "ಮುಷ್ಟಿಗೆ ಮಾತು ಇರಲಿಲ್ಲ. ಇದಕ್ಕೂ ಬೇಡ."

ಕಾಂತೇಶ ಚಿತ್ರದ ಫೋಟೋ ತೆಗೆದು ಫೋನಲ್ಲಿ ಪಡೆಯವರಿಗೆ ಕಳಿಸಿದ.

ನಿಬ್ಬು ಒಣಗುವಷ್ಟರಲ್ಲಿ ಉತ್ತರ ಬರಲು ಶುರುವಾಯಿತು. ಅಕ್ಕನಿಗೆ ಬಂದಿದ್ದ ಬೈಗುಳಗಳೇ, ಒಂದೂ ಬದಲಾಗಿರಲಿಲ್ಲ. ನಿನ್ನೆಯವರೆಗೆ ಅಣ್ಣಾ ಎಂದವರು ದ್ರೋಹಿ ಎಂದರು. ಮೊದಲು ಅವನ ಕೈ, ಅವಳದ್ದು ಆಮೇಲೆ, ಎಂದ ಒಬ್ಬ. ಅವನ ಮನೆ ನನಗೆ ಗೊತ್ತು, ನಡೀರಿ, ಎಂದ ಇನ್ನೊಬ್ಬ.

ಕಾಂತೇಶ ಫೋನನ್ನು ಜಗಲಿಯ ಮೇಲೆ ಬೋರಲು ಹಾಕಿದ.

"ನನ್ನನ್ನ ಬಿಡೋದಿಲ್ಲ ಅವರು. ಇವತ್ತು ಇಲ್ಲೇ ಒಳಗೆ ಎಲ್ಲಾದ್ರೂ ಇರ್ಲಾ ಗುರುಗಳೇ?"

ಗುರುಗಳು ಹಿತ್ತಲ ಕಡೆ ಕೈ ತೋರಿಸಿದರು.

"ಚಿಲಕ ಇರೋದು ಒಂದೇ ಕೋಣೆಗೆ. ಅದರಲ್ಲಿ ಇಂದುಮತಿ ಇದ್ದಾಳೆ. ಬಾಗಿಲು ತಟ್ಟಬೇಡ, ತಟ್ಟಿದ್ರೆ ಮಂಚದ ಕೆಳಗೆ ಸೇರಿಕೊಳ್ತಾಳೆ. ನಿನ್ನ ಹೆಸರು ಹೇಳಿ, ಹೊರಗೆ ನಿಂತಿರು. ತೆರೆಯೋದು ಬಿಡೋದು ಅವಳಿಗೆ ಬಿಟ್ಟಿದ್ದು."