ಕೂದಲೆಳೆಯಷ್ಟು ಕಡಿಮೆ

"ಗುರುಗಳೇ, ಎಲ್ಲವನ್ನೂ ಹೇಳಿಕೊಟ್ಟು ಕೊನೆಯ ಮಾತು ಬಂದಾಗ ಸುಮ್ಮನಾಗಿಬಿಡುತ್ತೀರಿ. ಏಕೆ?"

ಪ್ರಯೋಗಶಾಲೆಯ ಶಿಷ್ಯೆ ಮೇದಿನಿ ಎರಡು ವರ್ಷ ನುಂಗಿಕೊಂಡಿದ್ದ ಪ್ರಶ್ನೆ ಇದು. ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಬೇರೆ ಗುರುವನ್ನು ಹುಡುಕಿಕೊಂಡು ಹೋಗುವುದೆಂದು ತೀರ್ಮಾನಿಸಿ, ಚೀಲವನ್ನು ಪಕ್ಕದಲ್ಲಿಟ್ಟುಕೊಂಡೇ ಬಾಗಿಲ ಬಳಿ ಕುಳಿತಿದ್ದಳು. ಗುರುಗಳು ನಕ್ಕು ಒಂದು ಕತೆ ಶುರುಮಾಡಿದರು.

ಒಬ್ಬ ಸಂಶೋಧಕಿ ಇದ್ದಳು. ಒಂದೇ ಒಂದು ಅಯಾನನ್ನು, ಅಂದರೆ ವಿದ್ಯುದಂಶ ಹೊತ್ತ ಪರಮಾಣುವನ್ನು, ಹಿಡಿದು ನಿಲ್ಲಿಸಬೇಕೆಂಬುದು ಅವಳ ಹಟ. ಅದು ನಿಂತರೆ ಕ್ವಾಂಟಮ್ ಗಣಕಕ್ಕೆ ಅದೇ ಮೊದಲ ಮಣಿ. ನಿಲ್ಲದಿದ್ದರೆ ಅವಳ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ವಿದ್ಯುತ್ತಿನ ಬೇಲಿಯೊಳಗೆ ಅಯಾನು ತುಂಟ ಕರುವಿನ ಹಾಗೆ ಓಡುತ್ತಿತ್ತು. ಆ ಓಟ ತಗ್ಗಿಸುವುದಕ್ಕೆ ಲೇಸರ್ ಬೆಳಕು. ಬೆಳಕಿನ ಬಣ್ಣ, ಅಯಾನು ಬಯಸುವ ಬಣ್ಣಕ್ಕಿಂತ ಕೂದಲೆಳೆಯಷ್ಟು ಕೆಂಪಿನ ಕಡೆಗೆ, ಅಂದರೆ ಕಡಿಮೆ ಕಸುವಿನ ಕಡೆಗೆ, ಇರಬೇಕು. ಅಯಾನು ಬೆಳಕಿಗೆ ಎದುರಾಗಿ ಓಡಿದಾಗ ಆ ಕೊರತೆ ತುಂಬುತ್ತದೆ. ಆಗ ಬೆಳಕನ್ನು ನುಂಗುತ್ತದೆ, ನುಂಗಿದ ಏಟಿಗೆ ಓಟ ತಗ್ಗುತ್ತದೆ. ಸಂಶೋಧಕಿಗೆ ಇದೆಲ್ಲ ಗೊತ್ತಿತ್ತು. ಆದರೆ ಬಣ್ಣ ಹತ್ತಿರವಾದಷ್ಟೂ ಪರದೆಯ ಮೇಲೆ ಅಯಾನಿನ ಚುಕ್ಕೆ ಹೆಚ್ಚು ಹೊಳೆಯುತ್ತಿತ್ತು. ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಇನ್ನೊಂದಿಷ್ಟು, ಇನ್ನೊಂದಿಷ್ಟು ಎಂದು ಗುಂಡಿ ತಿರುಗಿಸುವಳು. ಅಯಾನು ಬಯಸುವ ಬಣ್ಣದ ಗೆರೆ ದಾಟಿದೊಡನೆ ಅದೇ ಬೆಳಕು ಅಯಾನನ್ನು ಕೆರಳಿಸಿ ಬೇಲಿಯಾಚೆಗೆ ಅಟ್ಟುತ್ತಿತ್ತು. ಹೀಗೆ ನಲವತ್ತು ಅಯಾನುಗಳು ಹೋದವು.

ಯಂತ್ರ ನೋಡಿಕೊಳ್ಳುತ್ತಿದ್ದ ಹಿರಿಯನೊಬ್ಬ ಹೇಳಿದ, "ಅಮ್ಮಾ, ಆ ಕೂದಲೆಳೆಯಷ್ಟು ದೂರ ಅಯಾನೇ ಬರಲಿ ಬಿಡಿ."

"ಬರದಿದ್ದರೆ?"

"ಕೈಕಟ್ಟಿ ಕೂತು ನೋಡಿ."

ಇಲ್ಲಿಗೆ ಬರುವಾಗ ಗುರುಗಳ ದನಿ ತುಸು ತಗ್ಗಿತ್ತು. ಮೇದಿನಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ನಲವತ್ತೊಂದನೆಯ ಅಯಾನು ಸಿಕ್ಕಾಗ ಸಂಶೋಧಕಿ ಕೂದಲೆಳೆಯಷ್ಟು ಅಂತರ ಬಿಟ್ಟು, ಕೈಕಟ್ಟಿ ಕುಳಿತಳು. ಚುಕ್ಕೆ ನಡುಗಿತು, ಸಣ್ಣದಾಯಿತು, ನಿಂತಿತು. ಊಟದ ಹೊತ್ತಿಗೂ ನಿಂತೇ ಇತ್ತು. ಅವಳ ಸಂತೋಷ ಹೇಳತೀರದು. ಕೂಸು ನೋಡಲು ಬಂದ ನೆಂಟರ ಹಾಗೆ ಎಲ್ಲರೂ ಬುತ್ತಿ ಹಿಡಿದು ಬಂದು, ಪರದೆಯ ಮುಂದೆಯೇ ನಗುನಗುತ್ತ ಉಂಡರು.

ಗುರುಗಳು ಅಲ್ಲಿಗೆ ಸುಮ್ಮನಾದರು.

"ಆಮೇಲೆ? ಇದರ ಅರ್ಥ?" ಎಂದಳು ಮೇದಿನಿ. ತಗ್ಗಿದ ದನಿಯನ್ನು ಕೇಳಿಸಿಕೊಳ್ಳಲು ಜರುಗುತ್ತ ಜರುಗುತ್ತ ಅವಳು ಗುರುಗಳ ಮೇಜಿನ ತನಕ ಬಂದುಬಿಟ್ಟಿದ್ದಳು. ಚೀಲ ಬಾಗಿಲ ಬಳಿಯೇ ಉಳಿದಿತ್ತು.

"ಅಲ್ಲಿದ್ದವಳು ಇಲ್ಲಿಗೆ ಬಂದೆಯಲ್ಲ ತಾಯಿ, ನಾನೇನಾದರೂ ಕರೆದೆನೆ?"