ಒರೆಯ ಬಾಯಿಯ ಬಳ್ಳಿ

“ಗುರುಗಳೇ, ಕೋಪ ಬಂದ ಮೇಲೆ ಅದನ್ನು ತಡೆಯುವುದು ಮನುಷ್ಯನಿಂದ ಆಗುತ್ತದೆಯೇ?” ಎಂದು ಶಿಷ್ಯನೊಬ್ಬ ಕೇಳಿದ. ಅಂದು ಬೆಳಿಗ್ಗೆ ಅವನು ಜೊತೆಯವನ ಮೇಲೆ ಕೈ ಎತ್ತಿದ್ದ. ಗುರುಗಳು ಅದನ್ನು ಕೆದಕಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಕೆತ್ತನೆಗಾರನಿದ್ದ. ಅರಮನೆಯ ಆಯುಧಗಳಿಗೆ ಚಿನ್ನದ ಕುಸುರಿ ಮಾಡುವುದು ಅವನ ಕಸುಬು. ಉಕ್ಕಿನಲ್ಲಿ ಸಣ್ಣ ಗೀರು ಕೊರೆದು, ಚಿನ್ನದ ಎಳೆಯನ್ನು ಅದರೊಳಗೆ ಬಡಿದು ಕೂರಿಸುತ್ತಿದ್ದ. ಒಮ್ಮೆ ಅರಸ ಅವನನ್ನು ಕರೆಸಿ, ನವರಾತ್ರಿಯ ಒಡ್ಡೋಲಗದಲ್ಲಿ ತಾನು ಹಿಡಿಯುವ ಕತ್ತಿಯನ್ನು ಅಲಂಕರಿಸಲು ಹೇಳಿದ.

ಕೆತ್ತನೆಗಾರನಿಗೆ ಒಂದು ಆಸೆ ಹುಟ್ಟಿತು. ಕತ್ತಿಯ ಹಿಡಿಯಿಂದ ಹೊರಟ, ಉಬ್ಬು ಎಲೆಗಳ ಚಿನ್ನದ ಬಳ್ಳಿ ಒರೆಯ ಮೇಲೂ ಹರಿಯಬೇಕು. ಹಿಡಿ ಎಲ್ಲಿ ಮುಗಿಯಿತು, ಒರೆ ಎಲ್ಲಿ ಶುರುವಾಯಿತು ಎಂದು ನೋಡಿದವರಿಗೆ ತಿಳಿಯಬಾರದು. ಹಾಗೇ ಮಾಡಿದ. ಸಂದು ಕಾಣದಿರಲೆಂದು ಒರೆಯ ಬಾಯಿಯನ್ನು ಬಿಗಿ ಮಾಡುತ್ತ ಹೋದ. ಕೊನೆಗೆ ಒರೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಜಗ್ಗಿದರೆ ಮಾತ್ರ ಕತ್ತಿ ಹೊರಗೆ ಬರುವಂತಾಯಿತು. ಅರ ಹಾಕಿ ಉಜ್ಜಿದ್ದರೆ ಸಡಿಲವಾಗುತ್ತಿತ್ತು. ಆದರೆ ಒರೆಯ ಬಾಯಂಚಿನಲ್ಲಿದ್ದ ಬಳ್ಳಿಯ ಎಲೆಗಳು ಸವೆದುಹೋಗುತ್ತಿದ್ದವು. ಅವನಿಗೆ ಮನಸ್ಸು ಬರಲಿಲ್ಲ. ‘ಸಭೆಯಲ್ಲಿ ಹಿಡಿದು ಕೂರುವ ಕತ್ತಿ. ಇದನ್ನು ಯಾರು ಹಿರಿಯುತ್ತಾರೆ?’ ಎಂದುಕೊಂಡು ಒಪ್ಪಿಸಿಬಿಟ್ಟ.

ಒಡ್ಡೋಲಗದ ದಿನ ಅವನಿಗೂ ಕರೆ ಬಂತು. ಸಭೆಯ ಅಂಚಿನಲ್ಲಿ ನಿಂತಿದ್ದ. ಎಲ್ಲರೂ ಕತ್ತಿಯನ್ನು ಹೊಗಳುವುದು ಕೇಳಿ ಅವನ ಎದೆ ಉಬ್ಬಿತು. ಅಷ್ಟರಲ್ಲಿ ಅರಸ, ಹಬ್ಬ ಮುಗಿದೊಡನೆ ಹೊಳೆಯಾಚೆಯ ಕೋಟೆಯ ಮೇಲೆ ಮತ್ತೆ ದಂಡೆತ್ತಿ ಹೋಗುವುದಾಗಿ ಸಾರಿದ. ಅರಸನ ತಮ್ಮ ಎದ್ದು ನಿಂತ.

“ಬೇಡ ಅಣ್ಣ. ಹೋದ ಸಲ ಸತ್ತವರ ಮನೆಗಳಲ್ಲಿ ಇನ್ನೂ ಅಳು ನಿಂತಿಲ್ಲ. ನಿನ್ನ ಹಟಕ್ಕೆ ಇನ್ನೆಷ್ಟು ಜನ ಸಾಯಬೇಕು?” ಎಂದ.

ತುಂಬಿದ ಸಭೆಯಲ್ಲಿ ಅರಸನೆದುರು ಹಾಗೆ ಯಾರೂ ಮಾತಾಡಿರಲಿಲ್ಲ. ಅರಸ ಸಿಂಹಾಸನದಿಂದ ಇಳಿದು ಬಂದ. ಹಿಡಿಗೆ ಕೈ ಹಾಕಿ ಎಳೆದ.

ಕತ್ತಿ ಬರಲಿಲ್ಲ.

ಮತ್ತೆ ಎಳೆದ. ಆಗಲೂ ಬರಲಿಲ್ಲ. ಕತ್ತಿ ಬಂದರೆ ತಮ್ಮನ ತಲೆ ಹೋಗುತ್ತದೆ, ಬಾರದಿದ್ದರೆ ತನ್ನ ತಲೆ ಹೋಗುತ್ತದೆ ಎಂದು ಕೆತ್ತನೆಗಾರನಿಗೆ ಹೊಳೆಯಿತು. ಬರಲಿ ಎಂದು ಬೇಡಬೇಕೋ, ಬಾರದಿರಲಿ ಎಂದು ಬೇಡಬೇಕೋ ತಿಳಿಯದೆ ಕಣ್ಣು ಮುಚ್ಚಿಕೊಂಡ.

ಅರಸನಿಗೆ ಏದುಸಿರು ಬಂತು. ಚಿನ್ನದ ಎಲೆಯ ಅಂಚು ತಾಗಿ ಅಂಗೈ ಕೊಯ್ದಿತ್ತು. ಅವನು ತನ್ನ ಕೈ ನೋಡಿಕೊಂಡ. ಆಮೇಲೆ ತಲೆ ಎತ್ತಿ ತಮ್ಮನನ್ನು ನೋಡಿದ. ತಮ್ಮ ನಿಂತ ಜಾಗ ಬಿಟ್ಟು ಕದಲಿರಲಿಲ್ಲ.

“ಯಾಕೆ ಓಡಲಿಲ್ಲ?” ಎಂದು ಅರಸ ಕೇಳಿದ.

“ನೀನು ನನ್ನನ್ನು ಕಡಿಯುತ್ತೀಯೆಂದು ನನಗೆ ಅನ್ನಿಸಲಿಲ್ಲ ಅಣ್ಣ.”

“ಕಡಿಯುತ್ತಿದ್ದೆ” ಎಂದ ಅರಸ. ತಮ್ಮನ ಹೆಗಲು ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ದಂಡಯಾತ್ರೆಯ ಮಾತು ಅಲ್ಲಿಗೇ ನಿಂತಿತು. ಸಭೆಗೆ ಸಭೆಯೇ ಉಸಿರು ಬಿಟ್ಟಿತು.

ಕೆತ್ತನೆಗಾರ ಓಡಿ ಬಂದು ಅರಸನ ಕಾಲಿಗೆ ಬಿದ್ದ. “ತಪ್ಪಾಯಿತು ಮಹಾಸ್ವಾಮಿ. ಬಿಗಿಯಿದೆ ಎಂದು ಗೊತ್ತಿತ್ತು. ಎಲೆ ಸವೆಯುತ್ತದೆಂದು ಹಾಗೇ ಬಿಟ್ಟೆ. ಈಗಲೇ ಅರ ಹಾಕಿ ಸಡಿಲ ಮಾಡಿ ಕೊಡುತ್ತೇನೆ.”

ಅರಸ ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಬಳ್ಳಿಯ ಮೇಲೆ ಬೆರಳಾಡಿಸಿದ.

“ಬೇಡ. ಹಾಗೇ ಇರಲಿ” ಎಂದ.

ಕೆತ್ತನೆಗಾರ ಮನೆಗೆ ಹೋಗಿ ಹೆಂಡತಿಯ ಮುಂದೆ ಮೊದಲು ನಕ್ಕ, ಆಮೇಲೆ ಅತ್ತ. ಅರಸ ಬದುಕಿದ್ದ ತನಕ ಪ್ರತಿ ಒಡ್ಡೋಲಗಕ್ಕೂ ಅದೇ ಕತ್ತಿಯನ್ನು ಹಿಡಿದು ಬಂದ. ತಮ್ಮ ಅವನ ಪಕ್ಕದಲ್ಲೇ ಕೂರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮನಸ್ಸು ಹಗುರಾಯಿತು. “ಅಂದರೆ ಕೆತ್ತನೆಗಾರನ ತಪ್ಪೇ ಅರಸನನ್ನು ಕಾಪಾಡಿತು” ಎಂದ.

ಗುರುಗಳು ಹೇಳಿದರು: “ತಪ್ಪು ಕಾಪಾಡಿದ್ದು ಆ ಒಂದು ದಿನ ಮಾತ್ರ. ಉಳಿದ ದಿನಗಳಲ್ಲಿ ತನ್ನನ್ನು ಕಾಪಾಡಿಕೊಂಡಿದ್ದು, ‘ಹಾಗೇ ಇರಲಿ’ ಎಂದ ಅರಸನೇ.”